ತಿನಿಸು ಕಂಡರಷ್ಟೇ ಮಾತು ಕೇಳುವ ನಾಯಿ: ಗದರಬೇಕೆ, ಕೊಡುತ್ತಾ ಹೋಗಬೇಕೆ?

ನೀವು ಹೇಳಿರುವ ತೊಂದರೆ ಎರಡು. ಎಂಟು ತಿಂಗಳ ನಾಯಿ ಮನೆಗೆ ಬಂದವರ ಮೈಮೇಲೆ ಹಾರುತ್ತದೆ, ಗದರಿದರೂ ಬಿಡುವುದಿಲ್ಲ. ‘ಕೂತ್ಕೋ’ ಅಂದರೆ ಕೈಯಲ್ಲಿ ತಿನಿಸು ಇದ್ದಾಗ ಮಾತ್ರ ಕೂರುತ್ತದೆ. ಎರಡಕ್ಕೂ ಬೇರು ಒಂದೇ. ಏನು ಮಾಡಿದರೆ ಏನು ಸಿಗುತ್ತದೆ ಎಂಬ ಲೆಕ್ಕವನ್ನು ನಾಯಿ ಬಹಳ ಸರಿಯಾಗಿ ಇಟ್ಟಿದೆ. ನಾವೇ ತಪ್ಪು ಹೊತ್ತಿಗೆ ಕೊಡುತ್ತಿದ್ದೇವೆ.

ಹಾರುವುದನ್ನೇ ಮೊದಲು ನೋಡೋಣ. ಅದು ಹಾರಿದಾಗ ನೀವು ಅದರ ಮುಖ ನೋಡುತ್ತೀರಿ, ‘ಏಯ್, ಬೇಡ’ ಎಂದು ಕೂಗುತ್ತೀರಿ, ಎರಡೂ ಕೈಯಿಂದ ತಳ್ಳುತ್ತೀರಿ. ನೋಟ, ಮಾತು, ಸ್ಪರ್ಶ ಮೂರೂ ಸಿಕ್ಕವು. ನಿಮಗೆ ಅದು ಬೈಗುಳ, ಅದಕ್ಕೆ ಆಟ. ಇಲ್ಲಿ ತಿದ್ದುವುದೆಂದರೆ ಸಿಗುತ್ತಿರುವುದನ್ನು ನಿಲ್ಲಿಸುವುದು. ಹಾರಿದ ಕ್ಷಣವೇ ಮಾತಿಲ್ಲದೆ ಬೆನ್ನು ತಿರುಗಿಸಿ, ಕೈ ಕಟ್ಟಿ ನಿಲ್ಲಿ. ನಾಲ್ಕೂ ಕಾಲು ನೆಲ ಮುಟ್ಟಿದ ಕೂಡಲೇ ತಿರುಗಿ ಮೆಲ್ಲಗೆ ಮೆಚ್ಚಿ, ತಿನಿಸು ಕೊಡಿ. ತಿನಿಸನ್ನು ಅದರ ಎದೆಗಿಂತ ಕೆಳಗೆ ಹಿಡಿಯಿರಿ, ಇಲ್ಲವೇ ನೆಲದ ಮೇಲೇ ಇಡಿ. ಮೇಲೆ ಹಿಡಿದರೆ ಮತ್ತೆ ಹಾರಲು ನೀವೇ ಕರೆದಂತೆ. ಅತಿಥಿ ಬಂದಾಗ ನಾಯಿ ಬೆಲ್ಟಿನಲ್ಲಿರಲಿ. ಹಾರಿದರೆ ಅತಿಥಿ ಎರಡು ಹೆಜ್ಜೆ ಹಿಂದಕ್ಕೆ, ನೆಲದಲ್ಲಿ ನಿಂತರೆ ಎರಡು ಹೆಜ್ಜೆ ಮುಂದಕ್ಕೆ.

ಮೊದಲ ಕೆಲವು ದಿನ ಹಾರಾಟ ಹೆಚ್ಚಾಗಬಹುದು. ಇಷ್ಟು ದಿನ ಫಲಿಸಿದ್ದು ಫಲಿಸದೇ ಹೋದಾಗ ನಾಯಿ ಇನ್ನೂ ಜೋರಾಗಿ ಪ್ರಯತ್ನಿಸುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ. ಐದನೇ ಸಲ ಹಾರಿದಾಗ ಮನೆಯಲ್ಲಿ ಒಬ್ಬರು ಕರಗಿ ಮುದ್ದಿಸಿದರೂ ‘ಐದು ಸಲ ಹಾರಬೇಕು’ ಎಂಬ ಪಾಠ ಗಟ್ಟಿಯಾಗುತ್ತದೆ. ಹಾಗಾಗಿ ಮನೆಮಂದಿಯೆಲ್ಲ ಒಂದೇ ರೀತಿ ನಡೆದುಕೊಳ್ಳಲೇಬೇಕು.

ಇನ್ನು ತಿನಿಸಿನ ಮಾತು. ಮೊದಲು ತೋರಿಸಿ ಆಮೇಲೆ ಕೂರಿಸಿದರೆ ಅದು ಆಮಿಷ. ಕೂತ ಮೇಲೆ ಎಲ್ಲಿಂದಲೋ ಬಂದರೆ ಬಹುಮಾನ. ನಿಮ್ಮ ನಾಯಿ ಆಮಿಷದಲ್ಲೇ ನಿಂತುಬಿಟ್ಟಿದೆ.

ಮಾಡಿದ್ದು ಸರಿ ಎಂದು ನಾಯಿಗೆ ಆ ಕ್ಷಣವೇ ತಿಳಿಸಲು ‘ಸೈ’ಯಂಥ ಒಂದು ಚಿಕ್ಕ ಪದ ಆರಿಸಿ. ಏನೂ ಮಾಡಿಸದೆ ‘ಸೈ’ ಎಂದು ಹೇಳಿ ತಕ್ಷಣ ಒಂದು ತುಣುಕು ಕೊಡಿ. ಹತ್ತು ಹದಿನೈದು ಸಲ. ಆ ಪದ ಕೇಳಿದೊಡನೆ ನಾಯಿ ನಿಮ್ಮತ್ತ ನೋಡಿದರೆ ಅರ್ಥವಾಯಿತು ಎಂದೇ ಲೆಕ್ಕ. ಈಗ ತುಣುಕನ್ನು ಮೂಗಿನ ಹತ್ತಿರ ಹಿಡಿದು ತಲೆಯ ಮೇಲೆ ಹಿಂದಕ್ಕೆ ಸರಿಸಿ, ಹಿಂಭಾಗ ನೆಲ ಮುಟ್ಟುತ್ತಿದ್ದಂತೆ ‘ಸೈ’ ಎಂದು ಕೊಡಿ. ಐದಾರು ಸಲ ಆದ ಮೇಲೆ ಕೈ ಖಾಲಿ ಇರಲಿ, ಸನ್ನೆ ಅದೇ ಇರಲಿ, ತುಣುಕು ಜೇಬಿನಿಂದ ಬರಲಿ. ಇದೇ ಮುಖ್ಯವಾದ ಹೆಜ್ಜೆ, ಇದನ್ನು ವಾರಗಟ್ಟಲೆ ಮುಂದೂಡಬೇಡಿ. ಅದಾದ ಮೇಲೆ ‘ಕೂತ್ಕೋ’ ಎಂದು ಒಂದೇ ಸಲ ಹೇಳಿ, ಒಂದು ಸೆಕೆಂಡ್ ಬಿಟ್ಟು ಸನ್ನೆ ಮಾಡಿ. ಹತ್ತರಲ್ಲಿ ಎಂಟು ಸಲ ಸರಿಯಾಗಿ ಕೂರುವಂತಾದ ಮೇಲೆ ಒಮ್ಮೆ ಕೊಡಿ, ಒಮ್ಮೆ ಬರೀ ಮೆಚ್ಚಿ. ಬೀದಿಯಂಥ ಹೊಸ ಜಾಗದಲ್ಲಿ ಮಾತ್ರ ಮತ್ತೆ ಪ್ರತಿ ಸಲ ಕೊಡಬೇಕು. ಮನೆಯಲ್ಲಿ ಕಲಿತದ್ದು ಬೀದಿಗೆ ತಾನಾಗಿ ಬರುವುದಿಲ್ಲ.

ತುಣುಕು ಬಟಾಣಿ ಕಾಳಿನಷ್ಟಿದ್ದರೆ ಸಾಕು. ಪಾಠ ಒಂದು ಹೊತ್ತಿಗೆ ಮೂರರಿಂದ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ. ದಿನದ ಒಟ್ಟು ಕ್ಯಾಲೊರಿಯಲ್ಲಿ ತಿನಿಸಿನ ಪಾಲು ಶೇ. 10 ಮೀರದಿರಲಿ, ಅಷ್ಟನ್ನು ಊಟದಲ್ಲಿ ಕಡಿಮೆ ಮಾಡಿ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಕ್ಸೈಲಿಟಾಲ್ (ಸಕ್ಕರೆಯ ಬದಲು ಬಳಸುವ ಸಿಹಿಕಾರಕ) ಬೆರೆತ ಸಿಹಿ ನಾಯಿಗೆ ವಿಷ. ಅಂದಹಾಗೆ ಬಹುಮಾನ ಎಂದರೆ ತಿನಿಸೇ ಆಗಬೇಕಿಲ್ಲ. ಕೂತರೆ ಬಾಗಿಲು ತೆರೆಯುತ್ತದೆ, ಬೆಲ್ಟ್ ಎಳೆಯದೆ ನಡೆದರೆ ಆ ಕಂಬ ಮೂಸಲು ಸಿಗುತ್ತದೆ. ಎಳೆದರೆ ನೀವು ನಿಂತುಬಿಡಿ, ಸಡಿಲವಾದ ಕೂಡಲೇ ನಡೆಯಿರಿ.

ಶಿಕ್ಷೆ ಬೇಕೇ ಎಂದು ಕೇಳಿದ್ದೀರಿ. ಹೊಡೆತ, ಕುತ್ತಿಗೆಗೆ ಜಗ್ಗು, ಮುಳ್ಳಿನ ಪಟ್ಟಿ, ಶಾಕ್ ಕೊಡುವ ಪಟ್ಟಿ ಯಾವುದನ್ನೂ ನಾನು ಒಪ್ಪುವುದಿಲ್ಲ. ನೋವಾದ ಕ್ಷಣ ಎದುರಿಗೆ ಯಾರಿದ್ದಾರೋ ಅವರಿಗೇ ಆ ಭಯ ಅಂಟಿಕೊಳ್ಳುತ್ತದೆ, ಅದು ಅತಿಥಿ ಆಗಿರಬಹುದು, ಮಗು ಆಗಿರಬಹುದು. ಗಂಟೆಯ ಹಿಂದೆ ಮಾಡಿದ ಗಲೀಜು ತೋರಿಸಿ ಬೈಯುವುದಂತೂ ವ್ಯರ್ಥ. ‘ತಪ್ಪು ಮಾಡಿದ್ದೇನೆ’ ಎಂಬಂತೆ ಕಾಣುವ ಆ ಮುಖ ನಾಯಿ ನಿಜಕ್ಕೂ ತಪ್ಪು ಮಾಡಿದೆಯೇ ಎಂಬುದಕ್ಕಲ್ಲ, ಒಡೆಯರ ಗದರಿಕೆಗೆ ಬರುತ್ತದೆ ಎಂದು ನಾಯಿಗಳ ವರ್ತನೆಯ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅವರ 2009ರ ಅಧ್ಯಯನ ತೋರಿಸಿದೆ. ಆಟದಲ್ಲಿ ಕಚ್ಚಿದರೆ ಮೂವತ್ತು ಸೆಕೆಂಡ್ ನೀವೇ ಎದ್ದು ಹೊರಗೆ ಹೋಗಿ, ಮರಳಿ ಬಂದು ಜಗಿಯುವ ಆಟಿಕೆ ಕೊಡಿ. ಅಷ್ಟು ಶಿಕ್ಷೆ ಸಾಕು.

ಗುರ್ ಎಂದಾಗ ಮಾತ್ರ ಎಂದೂ ಗದರಬೇಡಿ. ಅದು ಎಚ್ಚರಿಕೆ. ಎಚ್ಚರಿಸುವುದನ್ನು ಅಡಗಿಸಿದರೆ ಭಯ ಒಳಗೇ ಉಳಿದು, ಮುಂದೊಂದು ದಿನ ಸದ್ದಿಲ್ಲದೆ ಕಚ್ಚಬಹುದು. ದೂರ ಸರಿದು, ಯಾವುದಕ್ಕೆ ಗುರುಗುಟ್ಟಿತು ಎಂದು ಗಮನಿಸಿ. ಸೌಮ್ಯವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಗುರುಗುಟ್ಟಲು ಶುರುಮಾಡಿದರೆ, ಅಥವಾ ಕಲಿತ ನಾಯಿ ಮತ್ತೆ ಮನೆಯೊಳಗೆ ಮೂತ್ರ ಮಾಡಿದರೆ, ತರಬೇತಿ ಪಕ್ಕಕ್ಕಿಟ್ಟು ಮೊದಲು ಪಶುವೈದ್ಯರಿಗೆ ತೋರಿಸಿ. ಕಿವಿ, ಹಲ್ಲು, ಕೀಲುಗಳ ನೋವು ಮತ್ತು ಮೂತ್ರದ ಸೋಂಕು ಹೀಗೇ ಕಾಣಿಸಿಕೊಳ್ಳಬಹುದು.