ಏಳನೆಯ ಪುಟದ ನೈಟ್ರೇಟು

ಮಾನ್ಯರೇ,

ಮಂಡ್ಯ ತಾಲ್ಲೂಕಿನ ಕೊಳವೆಬಾವಿಗಳ ನೀರಿನಲ್ಲಿ ಕರಗಿರುವ ನೈಟ್ರೇಟ್ ಎಂಬ ಸಾರಜನಕದ ಲವಣದ ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ವಿಷಯ ಬೇಕಾದದ್ದೇ, ಆದರೆ ಈಗಿನ ರೂಪದಲ್ಲಿ ಪ್ರಕಟಿಸಲಾರೆ.

ಪರಿಸರ ಎಂಬ ಪದದ ವ್ಯಾಖ್ಯಾನದಿಂದ ಹೊರಟು, ಕಾವೇರಿ ಕೊಳ್ಳ, ವಿಶ್ವೇಶ್ವರಯ್ಯ ನಾಲೆ, ಹಸಿರು ಕ್ರಾಂತಿ ಎಲ್ಲವನ್ನೂ ದಾಟಿದ ಮೇಲೆ, ಏಳನೆಯ ಪುಟದಲ್ಲಿ, ನೀವು ಪರೀಕ್ಷಿಸಿದ ಹಲವು ಬಾವಿಗಳಲ್ಲಿ ನೈಟ್ರೇಟ್ ಪ್ರಮಾಣವು ಕುಡಿಯುವ ನೀರಿಗೆ ವಿಧಿಸಿರುವ ಲೀಟರಿಗೆ 45 ಮಿಲಿಗ್ರಾಂ ಮಿತಿಯನ್ನು ಮೀರಿದೆ ಎಂದು ಹೇಳುತ್ತೀರಿ. ಪ್ರಬಂಧಕ್ಕೆ ಅಂಕ ಕೊಡುವ ಪ್ರಾಧ್ಯಾಪಕರು ಅಲ್ಲಿಯವರೆಗೆ ಓದುವುದು ಅವರ ಕೆಲಸ. ಆ ನೀರು ಕುಡಿಯುವವರು ಓದುವುದಿಲ್ಲ. ಬಾವಿಗಳು ಮಿತಿ ಮೀರಿವೆ ಎಂಬುದೇ ನಿಮ್ಮ ಮೊದಲ ವಾಕ್ಯವಾಗಲಿ.

ನನ್ನನ್ನು ಹೆಚ್ಚು ಕಾಡಿದ್ದು ನಿಮ್ಮ ಅಡಿಟಿಪ್ಪಣಿ. ನೀರನ್ನು ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ ಎಂಬ ಮಾತನ್ನು ಸಣ್ಣ ಅಕ್ಷರದಲ್ಲಿ ಕೆಳಗೆ ತಳ್ಳಿದ್ದೀರಿ. ನಮ್ಮ ಮನೆಗಳಲ್ಲಿ ಹಸುಗೂಸಿಗೆ ಕಾಯಿಸಿ ಆರಿಸಿದ ನೀರನ್ನೇ ಕೊಡುತ್ತಾರೆ. ನೈಟ್ರೇಟ್ ಮಿತಿ ಮೀರಿದ ನೀರನ್ನು ಹೀಗೆ ಕಾಯಿಸಿ ಅದರಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ, ಆರು ತಿಂಗಳೊಳಗಿನ ಮಗುವಿನ ರಕ್ತಕ್ಕೆ ಆಮ್ಲಜನಕ ಸಾಗಿಸುವ ಶಕ್ತಿ ಕುಂದಿ ಮೈ ನೀಲಿಗಟ್ಟಬಹುದು. ಇದನ್ನು ನೀವು "ಮೆಥೆಮೋಗ್ಲೋಬಿನೀಮಿಯಾ ಸಂಭವನೀಯತೆಯನ್ನು ಅಲ್ಲಗಳೆಯಲಾಗದು" ಎಂದು ಬರೆದಿದ್ದೀರಿ. ತಪ್ಪೇನಿಲ್ಲ, ಯಾವ ತಾಯಿಗೂ ಅರ್ಥವಾಗುವುದಿಲ್ಲ, ಅಷ್ಟೆ.

ಹಾಗೆಂದು ತಿಳಿಯಾಗಿ ಬರೆಯುವ ಹುಮ್ಮಸ್ಸಿನಲ್ಲಿ ದತ್ತಾಂಶವನ್ನು ಮೀರಬೇಡಿ. ಮೇ ತಿಂಗಳ ಒಂದೇ ದಿನ ತೆಗೆದ ಮಾದರಿಗಳನ್ನು ಹಿಡಿದು "ಇಡೀ ಜಿಲ್ಲೆಯ ಅಂತರ್ಜಲ ವಿಷವಾಗಿದೆ" ಎನ್ನುವುದು ಸಲ್ಲದು. ನಾಲೆಗೆ ನೀರು ಬಿಟ್ಟ ಮೇಲೆ, ಕಬ್ಬಿಗೆ ಗೊಬ್ಬರ ಹಾಕಿದ ಮೇಲೆ ಅಂಕಿಗಳು ಬದಲಾಗಬಹುದು. ಯೂರಿಯಾವನ್ನಷ್ಟೇ ದೂರಿದ್ದೀರಿ, ತಿಪ್ಪೆಯಿಂದಲೂ ಶೌಚದ ಗುಂಡಿಯಿಂದಲೂ ನೈಟ್ರೇಟ್ ನೆಲಕ್ಕೆ ಇಳಿಯುತ್ತದೆ. ಬಾವಿಗೂ ತಿಪ್ಪೆಗೂ ಎಷ್ಟು ದೂರವಿತ್ತೆಂದು ಗುರುತು ಹಾಕಿಕೊಂಡಿದ್ದರೆ ಅದನ್ನೂ ಸೇರಿಸಿ. ಹಾಕಿಕೊಂಡಿರದಿದ್ದರೆ ಮತ್ತೊಮ್ಮೆ ಹೋಗಿ ಅಳೆದು ಬನ್ನಿ.

"ಕಂಡುಬಂದಿದೆ", "ಗಮನಿಸಲಾಗಿದೆ" ಎಂಬವು ಎಷ್ಟು ಸಲ ಬಂದಿವೆಯೆಂದರೆ ಎಣಿಸುವುದನ್ನೇ ಬಿಟ್ಟೆ. ಬಿಸಿಲಿನಲ್ಲಿ ಬಾಟಲಿ ಹಿಡಿದು ಊರೂರು ಸುತ್ತಿದವರು ನೀವು. "ನಾನು ನೋಡಿದೆ" ಎನ್ನಲು ಸಂಕೋಚವೇಕೆ?

ಎಂಟು ಪುಟಗಳನ್ನು ಮೂರಕ್ಕೆ ಇಳಿಸಿ. ಮನೆಯ ಕ್ಯಾಂಡಲ್ ಫಿಲ್ಟರ್ ನೈಟ್ರೇಟನ್ನು ತಡೆಯುವುದಿಲ್ಲ, ಆರ್‌ಓ ಘಟಕ ಬಹುಪಾಲು ತೆಗೆಯುತ್ತದೆ ಎಂಬ ಎರಡು ಸಾಲುಗಳು ಅದರಲ್ಲಿ ಇರಲೇಬೇಕು. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳುಹಿಸಿ.

ಇತಿ,
ಸಂಪಾದಕ, ಮೈಸೂರು