ನಿಯಂತ್ರಕ ಟಿ ಕೋಶಗಳು ಹೇಗೆ ಹುಟ್ಟುತ್ತವೆ, ಇತರ ರೋಗನಿರೋಧಕ ಕೋಶಗಳೊಡನೆ ಹೇಗೆ ವ್ಯವಹರಿಸುತ್ತವೆ?

ರೋಗನಿರೋಧಕ ವ್ಯವಸ್ಥೆಯು ಸ್ವಂತ ದೇಹದ ಮೇಲೆಯೇ ತಿರುಗಿಬೀಳದಂತೆ ತಡೆಯುವ ಈ ಕೋಶಗಳಲ್ಲಿ ಬಹುಪಾಲು ಎದೆಯೆಲುಬಿನ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ರೂಪುಗೊಳ್ಳುತ್ತವೆ. ಅಲ್ಲಿ ಬೆಳೆಯುತ್ತಿರುವ ಟಿ ಕೋಶಗಳ (ಒಂದು ಬಗೆಯ ಬಿಳಿ ರಕ್ತಕಣಗಳ) ಪೈಕಿ ದೇಹದ ಸ್ವಂತ ಪ್ರೋಟೀನುಗಳಿಗೆ ಅತಿ ಬಲವಾಗಿ ಸ್ಪಂದಿಸುವಂಥವು ಸಾಮಾನ್ಯವಾಗಿ ಸಾಯುತ್ತವೆ. ಆದರೆ ಅದಕ್ಕಿಂತ ತುಸು ಕಡಿಮೆ ಬಲದ ಸಂಕೇತ ಪಡೆದ ಕೆಲವು, ಕೋಶಗಳ ನಡುವೆ ಸಂಕೇತ ಸಾಗಿಸುವ ಇಂಟರ್‌ಲ್ಯೂಕಿನ್-2 ಪ್ರೋಟೀನಿನ ನೆರವು ದೊರೆತರೆ, ಫಾಕ್ಸ್‌ಪಿ3 ಎಂಬ ಜೀನ್ ಸಕ್ರಿಯಗೊಂಡು ನಿಯಂತ್ರಕ ಕೋಶಗಳಾಗುತ್ತವೆ. ಈ ಜೀನ್ ಕೆಟ್ಟ ಶಿಶುಗಳಲ್ಲಿ ಐಪೆಕ್ಸ್ ಎಂಬ ತೀವ್ರ ಆಟೋಇಮ್ಯೂನ್ ಕಾಯಿಲೆ ಕಾಣಿಸಿಕೊಳ್ಳುತ್ತದೆ ಎಂಬುದೇ ಅದರ ಮಹತ್ವಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷಿ. ಥೈಮಸ್‌ನ ಹೊರಗೆ, ವಿಶೇಷವಾಗಿ ಕರುಳಿನಲ್ಲಿ, ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನ್ ಮತ್ತು ವಿಟಮಿನ್ ಎ ಮೂಲದ ರೆಟಿನೋಯಿಕ್ ಆಮ್ಲದ ಪ್ರಭಾವದಿಂದ ಸಾಮಾನ್ಯ ಟಿ ಕೋಶಗಳೂ ನಿಯಂತ್ರಕಗಳಾಗಬಲ್ಲವು.

ಸಂವಹನದ ವಿಧಾನಗಳು ಹಲವು. ನನ್ನ ದೃಷ್ಟಿಯಲ್ಲಿ ಅತ್ಯಂತ ಗಮನಾರ್ಹವಾದುದು ಸಿಟಿಎಲ್‌ಎ-4 ಪ್ರೋಟೀನಿನ ಕೆಲಸ: ಟಿ ಕೋಶಗಳನ್ನು ಪ್ರಚೋದಿಸಲು ಡೆಂಡ್ರೈಟಿಕ್ ಕೋಶಗಳು (ರೋಗಾಣುವಿನ ತುಣುಕುಗಳನ್ನು ಟಿ ಕೋಶಗಳಿಗೆ ತೋರಿಸುವ ಕೋಶಗಳು) ಹೊತ್ತಿರುವ ಸಿಡಿ80 ಮತ್ತು ಸಿಡಿ86 ಅಣುಗಳನ್ನು ಅದು ಹಿಡಿದು, ಕಿತ್ತು, ನಿಯಂತ್ರಕ ಕೋಶದೊಳಕ್ಕೆ ಎಳೆದುಕೊಂಡು ನಾಶಮಾಡುವುದರಿಂದ, ಗುರಿಯನ್ನು ಗುರುತಿಸಿದ ಬಳಿಕ ದಾಳಿಗೆ ಬೇಕಾದ ಎರಡನೆಯ ಸಂಕೇತವೇ ಇತರ ಟಿ ಕೋಶಗಳಿಗೆ ಸಿಗದಂತಾಗುತ್ತದೆ. ಇದಲ್ಲದೆ ನಿಯಂತ್ರಕ ಕೋಶಗಳು ಇಂಟರ್‌ಲ್ಯೂಕಿನ್-10 ಮತ್ತು ಟಿಜಿಎಫ್-ಬೀಟಾ ಸ್ರವಿಸಿ ಉರಿಯೂತ ತಗ್ಗಿಸುತ್ತವೆ, ಸಿಡಿ39 ಮತ್ತು ಸಿಡಿ73 ಕಿಣ್ವಗಳ ಮೂಲಕ ಕೋಶಗಳ ಹೊರಗಿರುವ, ಉರಿಯೂತ ಹೆಚ್ಚಿಸುವ ಎಟಿಪಿ ಅಣುವನ್ನು ಉರಿಯೂತ ತಗ್ಗಿಸುವ ಅಡೆನೋಸಿನ್ ಆಗಿಸುತ್ತವೆ. ಸಂಭಾಷಣೆ ಏಕಮುಖವಲ್ಲ: ಇಂಟರ್‌ಲ್ಯೂಕಿನ್-2 ಅನ್ನು ಇವು ತಾವೇ ಹೆಚ್ಚಾಗಿ ತಯಾರಿಸುವುದಿಲ್ಲ, ಸಕ್ರಿಯಗೊಂಡ ಇತರ ಟಿ ಕೋಶಗಳು ಸ್ರವಿಸಿದ್ದನ್ನು ಸಿಡಿ25 ಗ್ರಾಹಕದ ಮೂಲಕ ಹೀರಿಕೊಂಡು ಬದುಕುತ್ತವೆ, ಹೀಗಾಗಿ ದಾಳಿ ಹೆಚ್ಚಿದಷ್ಟೂ ನಿಯಂತ್ರಣವೂ ಹೆಚ್ಚುತ್ತದೆ.

ಈ ಕ್ಷೇತ್ರಕ್ಕೆ ಅಡಿಪಾಯ ಹಾಕಿದ ಮೇರಿ ಬ್ರುಂಕೋ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಶಿಮೊನ್ ಸಕಾಗುಚಿ ಅವರಿಗೆ 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು.