65 ಸಾವಿರ ಕಟ್ಟಿ ಮೂರು ಸರ್ಟಿಫಿಕೇಟ್ ಮಾಡಿದರೆ ಟೆಕ್ ಸಪೋರ್ಟ್ ಕೆಲಸ ಸಿಗುತ್ತಾ?

ನೀವು ಬರೆದದ್ದು ಇಷ್ಟು: ಬಿ.ಕಾಂ. ಮುಗಿದು ಎರಡು ವರ್ಷ ಆಯಿತು, ಊರಲ್ಲೇ ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೀರಿ. ಅಕ್ಕಪಕ್ಕದವರ ಪ್ರಿಂಟರ್, ವೈಫೈ ಕೆಟ್ಟರೆ ನಿಮ್ಮನ್ನೇ ಕರೆಯುತ್ತಾರೆ. ಬೆಂಗಳೂರಿನ ಟ್ರೈನಿಂಗ್ ಸೆಂಟರ್ ಒಂದು ಎ ಪ್ಲಸ್ (ಕಂಪ್ಯೂಟರ್ ಸಪೋರ್ಟ್‌ನ ಮೊದಲ ಹಂತದ್ದು), ಸಿಸಿಎನ್‌ಎ (ಸಿಸ್ಕೋ ಕಂಪನಿಯ ನೆಟ್‌ವರ್ಕ್ ಸರ್ಟಿಫಿಕೇಟ್), ಎಂಸಿಎಸ್‌ಇ (ಮೈಕ್ರೋಸಾಫ್ಟ್‌ನದು) ಮೂರನ್ನೂ ನಾಲ್ಕು ತಿಂಗಳಲ್ಲಿ ಮುಗಿಸಿ ಕೆಲಸ ಗ್ಯಾರಂಟಿ ಎಂದಿದೆ. ಫೀಸು 65 ಸಾವಿರ, 5 ಸಾವಿರ ಮುಂಗಡ ಕೊಟ್ಟಾಗಿದೆ. ಉಳಿದದ್ದು ಕಟ್ಟಲಾ ಬೇಡವಾ?

ಕಟ್ಟಬೇಡಿ.

ಮೊದಲು ಆ ಪಟ್ಟಿಯನ್ನೇ ನೋಡಿ. ಎಂಸಿಎಸ್‌ಇ ಅನ್ನೋದು ಈಗ ಇಲ್ಲವೇ ಇಲ್ಲ. ಮೈಕ್ರೋಸಾಫ್ಟ್ ಅದನ್ನು 2021ರ ಜನವರಿ 31ಕ್ಕೆ ನಿಲ್ಲಿಸಿತು, ಜೊತೆಗೆ ಅದರ ಕೆಳಗಿನ ಹಂತದ ಎಂಸಿಎಸ್‌ಎಯನ್ನೂ. ಆಮೇಲೆ ಆ ಪರೀಕ್ಷೆಯನ್ನು ಯಾರೂ ಬರೆದಿಲ್ಲ, ಬರೆಯೋಕೆ ಆಗಲ್ಲ. ಹಾಗಾದರೆ ನಿಮಗೆ ಕೊಡುವುದು ಏನು? ಸೆಂಟರ್‌ನವರೇ ಪ್ರಿಂಟ್ ಹಾಕಿದ ಒಂದು ಕಾಗದ. 'ಕೋರ್ಸ್ ಮುಗಿಸಿದ್ದಾರೆ' ಎಂಬ ಕಾಗದ ಬೇರೆ, ಕಂಪ್ಯೂಟರ್ ಕಂಪನಿ ಪರೀಕ್ಷೆ ಮಾಡಿ ಕೊಡುವ ಸರ್ಟಿಫಿಕೇಟ್ ಬೇರೆ. ಎರಡಕ್ಕೂ ನಾವು ಸರ್ಟಿಫಿಕೇಟ್ ಅಂತಲೇ ಹೇಳ್ತೀವಿ, ಅಲ್ಲೇ ಎಡವೋದು.

ನಾನೂ ಅಲ್ಲೇ ಎಡವಿದವನು. 2013ರಲ್ಲಿ ಡಿಪ್ಲೊಮಾ ಮುಗಿಸಿ ಊರಿಂದ ಬಂದು, ಇಂಥದ್ದೇ ಒಂದು ಕಡೆ 28 ಸಾವಿರ ಕಟ್ಟಿದೆ. ಅಪ್ಪ ಕೊಬ್ಬರಿ ಮಾರಿದ ದುಡ್ಡು. ಕೊನೆಗೆ ಸಿಕ್ಕಿದ್ದು ಚಿನ್ನದ ಬಣ್ಣದ ಸೀಲು ಇದ್ದ ದಪ್ಪ ಕಾಗದ, ಮೇಲೆ ದೊಡ್ಡದಾಗಿ ಸಿಸಿಎನ್‌ಎ. ಪ್ಲಾಸ್ಟಿಕ್ ಫೋಲ್ಡರ್‌ನಲ್ಲಿ ಇಟ್ಟುಕೊಂಡು ಇಂಟರ್‌ವ್ಯೂಗೆ ಹೋದೆ. ಎದುರಿಗೆ ಕೂತಿದ್ದ ಮೇಡಂ ಅದನ್ನು ಒಂದು ಸಲ ನೋಡಿ, "ಸಿಸ್ಕೋ ಐಡಿ ಹೇಳಿ, ಚೆಕ್ ಮಾಡ್ತೀನಿ" ಅಂದರು. ಅಂಥದ್ದೊಂದು ಐಡಿ ಇರುತ್ತೆ ಅಂತಲೇ ನನಗೆ ಗೊತ್ತಿರಲಿಲ್ಲ.

ಅವರು ಒಳ್ಳೆಯವರು, ಕಳಿಸಿಬಿಡಲಿಲ್ಲ. ಇನ್ನೊಂದು ಕೇಳಿದರು: "ಒಬ್ಬರು ಫೋನ್ ಮಾಡಿ ಇಂಟರ್‌ನೆಟ್ ಬರ್ತಿಲ್ಲ ಅಂತಾರೆ. ಏನು ಮಾಡ್ತೀರಿ?" ನಾನು ನೆಟ್‌ವರ್ಕ್ ಪಾಠದಲ್ಲಿ ಬರುವ ಓಎಸ್ಐ ಮಾದರಿಯ ಏಳು ಲೇಯರ್‌ಗಳನ್ನು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದೆ. ಮುಗಿಯೋವರೆಗೂ ಕೇಳಿಸಿಕೊಂಡು, "ಪಕ್ಕದ ಸೀಟಿನವರಿಗೆ ಬರ್ತಿದೆಯಾ ಅಂತ ಕೇಳಲ್ವಾ?" ಅಂದರು. ಕೆಲಸ ಸಿಗಲಿಲ್ಲ. ಆಮೇಲೆ ಎರಡು ವರ್ಷ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್.ಪಿ. ರೋಡ್‌ನ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ಬಿಚ್ಚಿ ಜೋಡಿಸುತ್ತಾ ಇದ್ದೆ. ಆ ಎರಡು ವರ್ಷವೇ ನನ್ನನ್ನು ಸರ್ವಿಸ್ ಡೆಸ್ಕ್‌ಗೆ, ಅಂದರೆ ಕಂಪನಿಯವರ ಕಂಪ್ಯೂಟರ್ ತೊಂದರೆಗಳ ಫೋನ್ ತೆಗೆಯುವ ವಿಭಾಗಕ್ಕೆ, ಸೇರಿಸಿದ್ದು. ರ‍್ಯಾಮ್ ತೆಗೆದು ಅದರ ಹೊಳೆಯುವ ಅಂಚನ್ನು ಪೆನ್ಸಿಲ್ ರಬ್ಬರ್‌ನಲ್ಲಿ ಉಜ್ಜಿ ಮತ್ತೆ ಕೂರಿಸಿದರೆ ಸತ್ತ ಕಂಪ್ಯೂಟರ್ ಎದ್ದು ಕೂರೋದನ್ನು ನಾನು ಅದೆಷ್ಟು ಸಲ ನೋಡಿದ್ದೀನೋ. ಯಾವ ಸಿಲಬಸ್‌ನಲ್ಲೂ ಇದು ಕಂಡ ನೆನಪಿಲ್ಲ!

ಈಗ ಎ ಪ್ಲಸ್. ಇದು ಕಾಂಪ್‌ಟಿಯಾ ಎಂಬ ಸಂಸ್ಥೆಯದು. ಒಂದಲ್ಲ, ಎರಡು ಪರೀಕ್ಷೆ, ಕೋರ್ 1 ಮತ್ತು ಕೋರ್ 2. ಒಂದೊಂದರಲ್ಲೂ ಹೆಚ್ಚೆಂದರೆ 90 ಪ್ರಶ್ನೆ, 90 ನಿಮಿಷ. 900ಕ್ಕೆ ಮೊದಲನೆಯದರಲ್ಲಿ 675, ಎರಡನೆಯದರಲ್ಲಿ 700 ಬರಬೇಕು. ಎರಡಕ್ಕೂ ಬೇರೆ ಬೇರೆ ದುಡ್ಡು ಕಟ್ಟಬೇಕು, ಮೂರು ವರ್ಷಕ್ಕೆ ಅವಧಿ ಮುಗಿಯುತ್ತೆ. ಸೆಂಟರ್‌ನವರ 65 ಸಾವಿರದಲ್ಲಿ ಈ ಪರೀಕ್ಷೆ ಫೀಸು ಸೇರಿದೆಯಾ ಅಂತ ಕೇಳಿದ್ರಾ? ಸಿಸಿಎನ್‌ಎ ಪರೀಕ್ಷೆಯೊಂದಕ್ಕೇ 300 ಡಾಲರ್. ಅಂದರೆ 25 ಸಾವಿರ ರೂಪಾಯಿಗೂ ಜಾಸ್ತಿ. ಮೂರಕ್ಕೂ ಸೇರಿ 65 ಸಾವಿರ, ಅದರಲ್ಲಿ ಪಾಠವೂ ಬಂತು ಅಂದರೆ, ಲೆಕ್ಕ ಬರೆಯೋರು ನೀವು, ನೀವೇ ಕೂಡಿಸಿ ನೋಡಿ.

ಎ ಪ್ಲಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹೊಸಬರಿಗೆ ಅದರಷ್ಟು ಒಳ್ಳೆಯ ಸಿಲಬಸ್ ನಾನು ನೋಡಿಲ್ಲ. ಹಾರ್ಡ್‌ವೇರ್, ನೆಟ್‌ವರ್ಕ್, ವಿಂಡೋಸ್, ವೈರಸ್ ತೆಗೆಯೋದು, ಕೊನೆಗೆ ಗ್ರಾಹಕರ ಹತ್ತಿರ ಹೇಗೆ ಮಾತಾಡಬೇಕು ಅನ್ನೋದು ಸಹ ಅದರಲ್ಲಿದೆ. ತೊಂದರೆ ಏನು ಗುರುತಿಸು, ಕಾರಣ ಊಹಿಸು, ಊಹೆ ಸರಿಯಾ ನೋಡು, ಹೇಗೆ ಸರಿ ಮಾಡೋದು ಅಂತ ಯೋಚಿಸಿ ಮಾಡು, ಪೂರ್ತಿ ಸರಿಹೋಯಿತಾ ಖಚಿತ ಮಾಡಿಕೋ, ಬರೆದಿಡು. ಈ ಆರು ಹೆಜ್ಜೆ ನನಗೆ ಈಗಲೂ ದಿನಾ ಬೇಕು. ಆದರೆ ಅಮೆರಿಕದಲ್ಲಿ ಆ ಸರ್ಟಿಫಿಕೇಟಿಗೆ ಇರುವ ತೂಕ ಇಲ್ಲಿಲ್ಲ. ಅಲ್ಲಿನ ರಕ್ಷಣಾ ಇಲಾಖೆಯ ಕೆಲವು ಕೆಲಸಗಳಿಗೆ ಒಪ್ಪುವ ಸರ್ಟಿಫಿಕೇಟ್‌ಗಳ ಪಟ್ಟಿಯಲ್ಲೇ ಎ ಪ್ಲಸ್ ಇದೆ. ಬೆಂಗಳೂರಲ್ಲಿ ಫ್ರೆಶರ್‌ಗಳನ್ನು ತೆಗೆದುಕೊಳ್ಳುವಾಗ ಎ ಪ್ಲಸ್ ಇದೆಯಾ ಅಂತ ನನ್ನನ್ನು ಯಾರೂ ಕೇಳಲಿಲ್ಲ. ಈಗ ಟೇಬಲ್ಲಿನ ಆ ಕಡೆ ಕೂತಿರುವ ನಾನೂ ಕೇಳಲ್ಲ. ಮೊದಲು ಡಿಗ್ರಿ, ಆಮೇಲೆ ಶಿಫ್ಟ್‌ಗೆ ಒಪ್ಪಿಗೆನಾ, ಆಮೇಲೆ ಮಾತು.

ಹಾಗಾಗಿ ನನ್ನ ಸಲಹೆ, ಎ ಪ್ಲಸ್ ಓದಿ, ಪರೀಕ್ಷೆಗೆ ಈಗಲೇ ದುಡ್ಡು ಹಾಕಬೇಡಿ. ಯೂಟ್ಯೂಬಿನಲ್ಲಿ ಪ್ರೊಫೆಸರ್ ಮೆಸರ್ ಎಂಬ ಹೆಸರಲ್ಲಿ ಪೂರ್ತಿ ಪಾಠ ಉಚಿತವಾಗಿ ಸಿಗುತ್ತೆ. ಇಂಗ್ಲಿಷೇ, ಆದರೆ ನಿಧಾನ, ಸ್ಪಷ್ಟ. 220-1201 ಮತ್ತು 220-1202 ಎಂಬ ಸಂಖ್ಯೆ ಇರುವುದನ್ನೇ ನೋಡಿ, 2025ರ ಮಾರ್ಚ್‌ನಲ್ಲಿ ಬಂದದ್ದು ಅದು. ಹಳೆಯ 1101, 1102 ಅದೇ ವರ್ಷ ಸೆಪ್ಟೆಂಬರ್‌ಗೆ ಮುಗಿಯಿತು. ಹಳೆ ಪುಸ್ತಕದ ಅಂಗಡಿಯಲ್ಲಿ ಅದರ ಗೈಡು ಅರ್ಧ ಬೆಲೆಗೆ ಕೊಟ್ಟರೆ ಖುಷಿಪಡಬೇಡಿ.

ರೆಸ್ಯೂಮೆಯಲ್ಲಿ ಏನಾದರೂ ಒಂದು ಹೆಸರು ಬೇಕೇ ಬೇಕು ಅಂತಿದ್ದರೆ, ಕೋರ್ಸೆರಾದಲ್ಲಿ ಗೂಗಲ್‌ನವರ ಐಟಿ ಸಪೋರ್ಟ್ ಸರ್ಟಿಫಿಕೇಟ್ ಇದೆ. 2018ರಿಂದ ಇದೆ. ತಿಂಗಳ ಲೆಕ್ಕದಲ್ಲಿ ಫೀಸು, ಬೇಗ ಮುಗಿಸಿದಷ್ಟೂ ಉಳಿತಾಯ. ಕಟ್ಟೋಕೆ ಕಷ್ಟ ಇದ್ದವರಿಗೆ ಫೈನಾನ್ಷಿಯಲ್ ಏಡ್ ಅಂತ ಅರ್ಜಿ ಇದೆ, ಸುಮ್ನೆ ಸಂಕೋಚಪಡದೆ ಹಾಕಿ. ಕಂಪನಿಗಳಲ್ಲಿ ಅದಕ್ಕೆ ಭಾರೀ ಬೆಲೆ ಏನೂ ಇಲ್ಲ. ಆದರೆ ಬಿ.ಕಾಂ. ಓದಿದವರಿಗೆ ಐಟಿ ಯಾಕೆ ಅಂತ ಕೇಳಿದಾಗ ತೋರಿಸೋಕೆ ಒಂದು ಉತ್ತರ ಆಗುತ್ತೆ.

ಅದಕ್ಕಿಂತ ಮುಖ್ಯ ಮನೆಯಲ್ಲೇ ಒಂದು ಲ್ಯಾಬ್. ಹೆದರಬೇಡಿ, ನಿಮ್ಮ ಹತ್ತಿರ 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಇದ್ದರೆ ತೆವಳಿಕೊಂಡಾದರೂ ನಡೆಯುತ್ತೆ. ಒಂದು ಕಂಪ್ಯೂಟರ್ ಒಳಗೇ ಇನ್ನೊಂದನ್ನು ಓಡಿಸುವ ವರ್ಚುವಲ್‌ಬಾಕ್ಸ್ ಉಚಿತ. ಅದರಲ್ಲಿ ವಿಂಡೋಸ್ ಸರ್ವರ್‌ನ ಟ್ರಯಲ್ ಹಾಕಿ, ಮೈಕ್ರೋಸಾಫ್ಟ್‌ನವರೇ 180 ದಿನ ಬಿಟ್ಟಿ ಕೊಡುತ್ತಾರೆ. ಕಂಪನಿಯವರ ಲಾಗಿನ್, ಪಾಸ್‌ವರ್ಡ್‌ಗಳನ್ನೆಲ್ಲ ಒಂದೇ ಕಡೆ ನೋಡಿಕೊಳ್ಳುವ ಆ್ಯಕ್ಟಿವ್ ಡೈರೆಕ್ಟರಿ ಹಾಕಿ, ಹತ್ತು ಜನ ಯೂಸರ್‌ಗಳನ್ನು ಸೃಷ್ಟಿಸಿ. ನಿಮ್ಮ ಅಂಗಡಿಯವರ ಹೆಸರೇ ಇಡಿ. ಪಾಸ್‌ವರ್ಡ್ ಮೂರು ಸಲ ತಪ್ಪಾದರೆ ಅಕೌಂಟ್ ಲಾಕ್ ಆಗೋ ಹಾಗೆ ಪಾಲಿಸಿ ಮಾಡಿ. ಬೇಕಂತಲೇ ತಪ್ಪು ಹೊಡೆದು ಲಾಕ್ ಮಾಡಿ. ಆಮೇಲೆ ಸರ್ವರ್‌ನ ಸೆಕ್ಯೂರಿಟಿ ಲಾಗ್‌ನಲ್ಲಿ 4740 ಎಂಬ ಇವೆಂಟ್ ಹುಡುಕಿ. ಯಾವ ಕಂಪ್ಯೂಟರ್‌ನಿಂದ ಲಾಕ್ ಆಯಿತು ಅಂತ ಅಲ್ಲಿ ಬರೆದಿರುತ್ತೆ.

ಇದೇ ಯಾಕೆ ಅಂದರೆ, ಸರ್ವಿಸ್ ಡೆಸ್ಕ್‌ನಲ್ಲಿ ದಿನಾ ಬರೋದು ಇದೇ. ನಾನು ಸೇರಿದ ಹೊಸದರಲ್ಲಿ ಒಬ್ಬ ಮ್ಯಾನೇಜರ್ ಬೆಳಿಗ್ಗೆಯಿಂದ ನಾಲ್ಕನೇ ಸಲ ಕಾಲ್ ಮಾಡಿದ್ದರು. ಹಿಂದಿನ ದಿನ ಪಾಸ್‌ವರ್ಡ್ ಬದಲಾಯಿಸಿದ್ದಾರೆ, ಆವತ್ತಿನಿಂದ ಅರ್ಧ ಗಂಟೆಗೊಮ್ಮೆ ಅಕೌಂಟ್ ಲಾಕ್. ನನಗಿಂತ ಮುಂಚೆ ಮೂರು ಜನ ಅನ್‌ಲಾಕ್ ಮಾಡಿ ಮೂರು ಟಿಕೆಟ್ (ದೂರಿನ ದಾಖಲೆ) ಕ್ಲೋಸ್ ಮಾಡಿದ್ದರು. ಲಾಗ್ ನೋಡಿದರೆ ಅವರ ಲ್ಯಾಪ್‌ಟಾಪ್ ಹೆಸರೇ ಇಲ್ಲ, ಮೇಲ್ ಸರ್ವರ್ ಹೆಸರು ಇದೆ. "ಸರ್, ಆಫೀಸ್ ಮೇಲ್ ಬೇರೆ ಎಲ್ಲಾದರೂ ಹಾಕಿಕೊಂಡಿದ್ದೀರಾ?" ಅಂದೆ. ಫೋನ್‌ನಲ್ಲಿ ಇದೆ, ಹೊಸ ಪಾಸ್‌ವರ್ಡ್ ಹಾಕಿಯಾಗಿದೆ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನೇಲಿ ಒಂದು ಹಳೆ ಟ್ಯಾಬ್ ಇದೆ, ಮಗಳು ಆಟ ಆಡೋಕೆ ಇಟ್ಕೊಂಡಿದ್ದಾಳೆ" ಅಂದರು. ಅದೇ. ಮಗು ಟ್ಯಾಬ್ ಆನ್ ಮಾಡಿದಾಗಲೆಲ್ಲ ಅದು ಹಳೆ ಪಾಸ್‌ವರ್ಡ್ ಹಿಡಿದು ಮೇಲ್ ಸರ್ವರ್ ಬಾಗಿಲು ಬಡಿಯುತ್ತಿತ್ತು. ಹೆಂಡತಿಗೆ ಫೋನ್ ಮಾಡಿ ಅದರಿಂದ ಮೇಲ್ ತೆಗೆಸಿದರು, ಮತ್ತೆ ಲಾಕ್ ಆಗಲಿಲ್ಲ. ಈಗ ಇಂಟರ್‌ವ್ಯೂ ಮಾಡುವಾಗ ನಾನು ಇದನ್ನೇ ಕತೆ ಹೇಳಿ ಕೇಳ್ತೀನಿ. ಟ್ಯಾಬ್ ಅಂತ ಹೇಳಬೇಕಿಲ್ಲ. ಮತ್ತೆ ಮತ್ತೆ ಯಾಕೆ ಲಾಕ್ ಆಗ್ತಿದೆ ಅಂತ ಯೋಚಿಸಿದರೆ ಸಾಕು.

ಇನ್ನೊಂದು, ನೆಟ್‌ವರ್ಕ್. 169.254ರಿಂದ ಶುರುವಾಗುವ ಐಪಿ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರ್‌ನ ಅಡ್ರೆಸ್) ಕಂಡರೆ, ಅದನ್ನು ಹಂಚುವ ಡಿಎಚ್‌ಸಿಪಿಯಿಂದ ಅಡ್ರೆಸ್ ಸಿಕ್ಕಿಲ್ಲ ಅಂತ ಅರ್ಥ. ಗೂಗಲ್‌ನ 8.8.8.8 ಅಡ್ರೆಸ್‌ಗೆ ಪಿಂಗ್ (ತಲುಪುತ್ತಾ ಅಂತ ನೋಡುವ ಪರೀಕ್ಷೆ) ಹೋಗುತ್ತೆ, ವೆಬ್‌ಸೈಟ್ ತೆರೆಯಲ್ಲ ಅಂದರೆ ಮೊದಲು ವೆಬ್‌ಸೈಟ್ ಹೆಸರಿಗೆ ಐಪಿ ಹುಡುಕಿಕೊಡುವ ಡಿಎನ್‌ಎಸ್ ಮೇಲೆ ಅನುಮಾನ ಪಡಿ. ಈ ಎರಡು ಗೊತ್ತಿಲ್ಲದೆ ಸಿಸಿಎನ್‌ಎ ಅಂತ ಬರೆದುಕೊಂಡು ಬರುವವರು ತುಂಬಾ ಜನ. ಸಿಸಿಎನ್‌ಎ ಒಳ್ಳೆಯದೇ, ಆದರೆ ಅದು ನೆಟ್‌ವರ್ಕ್ ಕಡೆ ಹೋಗೋರಿಗೆ. ಕೆಲಸಕ್ಕೆ ಸೇರಿ ಒಂದು ವರ್ಷ ಆದಮೇಲೆ ನೋಡಿಕೊಳ್ಳಿ. ಅಲ್ಲಿಯವರೆಗೆ ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಉಚಿತ ಖಾತೆ ತೆರೆದರೆ, ಕಂಪ್ಯೂಟರ್‌ನಲ್ಲೇ ಅಣಕು ನೆಟ್‌ವರ್ಕ್ ಕಟ್ಟಿ ನೋಡುವ ಪ್ಯಾಕೆಟ್ ಟ್ರೇಸರ್ ಸಿಗುತ್ತೆ, ಆಡಿಕೊಂಡಿರಿ.

ಐಟಿ ಸೇವೆ ಹೇಗೆ ನಡೆಸಬೇಕು ಅಂತ ಕ್ರಮ ಹೇಳುವ ಐಟಿಐಎಲ್ ಬಗ್ಗೆಯೂ ಯಾರೋ ನಿಮಗೆ ಹೇಳಿದ್ದಾರಂತೆ. ಅದರ ಮೊದಲ ಹಂತ ಫೌಂಡೇಶನ್‌ನಲ್ಲಿ 40 ಪ್ರಶ್ನೆ, ಒಂದು ಗಂಟೆ, 26 ಸರಿ ಬಂದರೆ ಪಾಸ್. ಪರೀಕ್ಷೆ ಸುಲಭ, ಫೀಸು ಸುಲಭ ಅಲ್ಲ. ಮೂರು ಪದ ತಿಳಿದುಕೊಂಡರೆ ಸದ್ಯಕ್ಕೆ ಸಾಕು. ಪ್ರಿಂಟರ್ ನಿಂತುಹೋಗಿದೆ, ಇದು ಇನ್ಸಿಡೆಂಟ್. ಹೊಸ ಮೌಸ್ ಬೇಕು, ಇದು ರಿಕ್ವೆಸ್ಟ್. ಪ್ರತಿ ಸೋಮವಾರ ಅದೇ ಪ್ರಿಂಟರ್ ಯಾಕೆ ನಿಲ್ಲುತ್ತೆ, ಇದು ಪ್ರಾಬ್ಲಂ.

ಇಂಗ್ಲಿಷ್ ಬರಲ್ಲ ಅಂತ ಹಿಂಜರಿಕೆ ಅಂದಿರಲ್ಲ, ಅದು ನನಗೆ ಗೊತ್ತು. ಹಳ್ಳಿ ಕನ್ನಡ ಮೀಡಿಯಂ ನಾನು. ಮೊದಲ ತಿಂಗಳು ಕಾಲ್ ಬಂದಾಗ ಅಂಗೈ ಬೆವರುತ್ತಿತ್ತು. ಆದರೆ ಈ ಕೆಲಸದ ಇಂಗ್ಲಿಷ್ ಚಿಕ್ಕದು. ನಿಮಗೆ ಸ್ಕ್ರೀನ್‌ನಲ್ಲಿ ಏನು ಕಾಣ್ತಿದೆ, ಯಾವಾಗಿನಿಂದ, ಬೇರೆಯವರಿಗೂ ಹೀಗೆ ಆಗ್ತಿದೆಯಾ, ಎರಡು ನಿಮಿಷ ಲೈನ್‌ನಲ್ಲಿರಿ. ಮೂವತ್ತು ವಾಕ್ಯ ಇರಬಹುದು ಅಷ್ಟೇ. ಅವನ್ನು ಬರೆದುಕೊಂಡು ದಿನಾ ಗಟ್ಟಿಯಾಗಿ ಹೇಳಿ. ಟಿಕೆಟ್ ಬರೆಯೋದನ್ನು ಅಭ್ಯಾಸ ಮಾಡಿ. ನೆರೆಮನೆಯವರ ವೈಫೈ ಸರಿ ಮಾಡಿದ್ರಾ? ಏನು ತೊಂದರೆ ಇತ್ತು, ಏನು ನೋಡಿದಿರಿ, ಏನು ಮಾಡಿದಿರಿ, ನಾಲ್ಕು ಸಾಲು ಇಂಗ್ಲಿಷಿನಲ್ಲಿ ಬರೆದಿಡಿ. ಮೂವತ್ತು ಆದಮೇಲೆ ಅದನ್ನೇ ಇಂಟರ್‌ವ್ಯೂಗೆ ತೆಗೆದುಕೊಂಡು ಹೋಗಿ. ನನ್ನ ಹತ್ತಿರ ಹಾಗೊಬ್ಬ ಹುಡುಗ ನೋಟ್‌ಬುಕ್ ಹಿಡಿದು ಬಂದಿದ್ದ, ಅವನು ಈಗ ಎಲ್2, ಅಂದರೆ ಮೇಲಿನ ಹಂತದ ಸಪೋರ್ಟ್‌ನಲ್ಲಿದ್ದಾನೆ.

ಪರೀಕ್ಷೆಯ ಪ್ರಶ್ನೆಗಳನ್ನೇ ಕದ್ದು ಮಾರುವ ಡಂಪ್‌ಗಳ ಹತ್ತಿರ ಹೋಗಬೇಡಿ. ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗುತ್ತೆ. ಇನ್ನು ಮುಂದೆ ಯಾವತ್ತಾದರೂ ಪರೀಕ್ಷೆ ಬುಕ್ ಮಾಡಿದರೆ, ನಿಮ್ಮ ಗುರುತಿನ ಚೀಟಿಯಲ್ಲಿ ಇನಿಷಿಯಲ್ ಹೇಗಿದೆಯೋ ಹಾಗೆಯೇ ಹೆಸರು ಕೊಡಿ. ಒಂದರಲ್ಲಿ ಬರೀ ಅಕ್ಷರ, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ ಬಾಗಿಲಲ್ಲೇ ವಾಪಸ್ ಕಳಿಸಬಹುದು. ಫೀಸು ಹೋಯಿತು.

ಆ 5 ಸಾವಿರಕ್ಕೆ ರಸೀದಿ ಕೊಟ್ಟಿದ್ದಾರಾ? ಬ್ಯಾಚ್ ಇನ್ನೂ ಶುರುವಾಗಿಲ್ಲ ಅಂದಿದ್ದೀರಿ. ಹಾಗಿದ್ದರೆ ಈ ವಾರವೇ ಹೋಗಿ ವಾಪಸ್ ಕೇಳಿ. ಮೊದಲು ಎಂಸಿಎಸ್‌ಇ ಪರೀಕ್ಷೆ ಯಾವ ತಿಂಗಳು, ಎಲ್ಲಿ ಬರೆಸುತ್ತೀರಿ ಅಂತ ಕೇಳಿ, ಆಮೇಲೆ ರಸೀದಿ ತೆಗೆಯಿರಿ. ಕೊಡದಿದ್ದರೆ ಬೇಜಾರೇ, ಆದರೆ 5 ಉಳಿಸೋಕೆ ಹೋಗಿ ಇನ್ನೂ 60 ಕೊಡಬೇಡಿ. ಅದರಲ್ಲಿ ಎಂಟು ಸಾವಿರ ತೆಗೆದು ಎರಡನೇ ಕೈ ಡೆಸ್ಕ್‌ಟಾಪ್ ಒಂದು ತಗೊಳ್ಳಿ, ಬಿಚ್ಚಿ ಹಾಕೋಕೆ. ಆನ್ ಮಾಡಿ ತೋರಿಸದೆ ದುಡ್ಡು ಕೊಡಬೇಡಿ, ಅಂಗಡಿಯವನು ಎಷ್ಟೇ ಪರಿಚಯದವನಾಗಿರಲಿ.